ಮೈಕ್ರೋವೇವ್, ಮೋಟರ್, ಮಿಕ್ಸಿ: ಬೆಳಗಿನ ಕ್ಲಾಸಿನಲ್ಲಿ ವೈಫೈ ಕೆಡಿಸುತ್ತಿರುವುದು ಯಾವುದು?

ಹಾಡಿನ ಟೀಚರ್, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಸಂಜೆ ಮನೆಗೆ ಬರುವ ಮಕ್ಕಳು, ಬೆಳಿಗ್ಗೆ ಆನ್‌ಲೈನ್ ಮಕ್ಕಳು. ಆನ್‌ಲೈನ್‌ನವರು ಹೆಚ್ಚಾಗಿ ನ್ಯೂಜೆರ್ಸಿಯ ಕನ್ನಡದ ಮನೆಗಳವರು. ನಮಗೆ ಬೆಳಿಗ್ಗೆ 6 ಗಂಟೆ ಅಂದರೆ ಅವರಿಗೆ ಹಿಂದಿನ ದಿನದ ರಾತ್ರಿ ಏಳೂವರೆ, ಅಲ್ಲಿನ ಬೇಸಿಗೆಯಲ್ಲಿ ಎಂಟೂವರೆ. ಊಟ ಮುಗಿಸಿ ಕೂರುತ್ತಾರೆ.

ಆರಕ್ಕೆ ಶುರುವಾದ ಪಾಠ ಆರೂವರೆಯ ತನಕ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಕಷ್ಟ ಶುರು. ನಾನು ಜಂಟಿ ವರಸೆ ಹಾಡಿದರೆ ಅವರಿಗೆ ಅರ್ಧ ಆವರ್ತ ಕೇಳಿಸುತ್ತದೆ, ಉಳಿದದ್ದು ರೋಬೋ ದನಿಯಲ್ಲಿ ಬರುತ್ತದಂತೆ. ಮಗು ತಾಳ ಹಾಕುತ್ತಿದ್ದ ಕೈ ಸ್ಕ್ರೀನಿನ ಮೇಲೆ ಹಾಗೇ ನಿಂತುಬಿಡುತ್ತದೆ. ಒಂದೊಂದು ದಿನ ಪೂರ್ತಿ ಕಟ್ ಆಗಿ, ಮತ್ತೆ ಸೇರಿಕೊಳ್ಳಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಏಳೂಕಾಲರ ಹೊತ್ತಿಗೆ ಏನೂ ಆಗೇ ಇಲ್ಲ ಎನ್ನುವ ಹಾಗೆ ಎಲ್ಲ ಸರಿ ಹೋಗಿರುತ್ತದೆ.

ಮನೆ ಮಾವನವರು ಕಟ್ಟಿಸಿದ್ದು. ಇಟ್ಟಿಗೆ ಗೋಡೆ, ಈಗಿನವಕ್ಕಿಂತ ದಪ್ಪ. ಫೈಬರ್ ವೈರು ಅಡುಗೆಮನೆ ಕಿಟಕಿಯಿಂದ ಒಳಗೆ ಬಂದಿದೆ. ಹಾಕಲು ಬಂದ ಹುಡುಗ ಅಲ್ಲೇ ಫ್ರಿಜ್ಜಿನ ಮೇಲೆ ವೈಫೈ ಬಾಕ್ಸ್ (ರೂಟರ್) ಇಟ್ಟು ಹೋದ. ಫ್ರಿಜ್ಜಿನ ಪಕ್ಕದ ಕಟ್ಟೆಯ ಮೇಲೆ ಮೈಕ್ರೋವೇವ್ ಇದೆ. ನಾನು ಕೂರುವುದು ಮುಂದಿನ ಕೋಣೆಯಲ್ಲಿ. ನಡುವೆ ಒಂದು ಗೋಡೆ, ಗೋಡೆಗೆ ಒರಗಿಸಿದ ಸ್ಟೀಲ್ ಬೀರು.

ಆರೂವರೆಗೆ ನಮ್ಮ ಮನೆಯಲ್ಲಿ ಎಲ್ಲ ಒಟ್ಟಿಗೆ ನಡೆಯುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕುತ್ತಾರೆ. ಅತ್ತೆ ಮೈಕ್ರೋವೇವಿನಲ್ಲಿ ಹಾಲು ಬಿಸಿ ಮಾಡಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ನಮ್ಮವರ ಓಟ್ಸ್ ಅದರಲ್ಲೇ. ಚಟ್ನಿಗೆ ಮಿಕ್ಸಿ. ಯಾವುದು ಅಪರಾಧಿ ಎಂದು ಹೇಗೆ ಹೇಳಲಿ?

ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದರೆ ‘ನಮ್ಮ ಕಡೆಯಿಂದ 100 ಎಂಬಿ ಬರುತ್ತಿದೆ ಮೇಡಂ’ ಅನ್ನುತ್ತಾರೆ. ಸ್ಪೀಡ್ ಟೆಸ್ಟ್ ಮಾಡಿದರೆ ಬರುತ್ತಲೂ ಇದೆ. ಇನ್ನೂ ವಿಚಿತ್ರ ಅಂದರೆ, ನನ್ನ ಕ್ಲಾಸು ಕಡಿಯುತ್ತಿರುವಾಗಲೇ ಪಕ್ಕದಲ್ಲಿ ಮಗಳ ಫೋನಿನಲ್ಲಿ ಯೂಟ್ಯೂಬ್ ಸಲೀಸಾಗಿ ಓಡುತ್ತಿರುತ್ತದೆ. ಕಂಪ್ಯೂಟರ್ ಅಂಗಡಿಯವರು 9 ಸಾವಿರಕ್ಕೆ ಮೂರು ಡಬ್ಬಿಗಳ ಮೆಶ್ ಸೆಟ್ (ಮನೆಯ ಬೇರೆ ಬೇರೆ ಕಡೆ ಇಟ್ಟು ವೈಫೈ ಹರಡುವಂಥದ್ದು) ತಗೊಳ್ಳಿ, ಎಲ್ಲ ಸರಿಯಾಗುತ್ತದೆ ಎಂದಿದ್ದಾರೆ. ತಗೊಳ್ಳಲೇ?

ಇನ್ನೆರಡು ವಿಷಯ, ಬೇಕಾಗಬಹುದು. ತಂಬೂರಿ ಶ್ರುತಿಯನ್ನು ಫೋನಿನ ಆ್ಯಪಿನಿಂದ ಬ್ಲೂಟೂತ್ ಸ್ಪೀಕರಿಗೆ ಕೊಡುತ್ತೇನೆ. ಅದು ಮಕ್ಕಳಿಗೆ ಕೇಳಿಸುವುದೇ ಇಲ್ಲ, ನನ್ನ ದನಿ ಮಾತ್ರ ಹೋಗುತ್ತದೆ. ಕ್ಲಾಸಿನ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿಗೆ ಚುಚ್ಚಿದ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ.

ಫ್ಲಾಟ್ ನಿವಾಸಿ, ಬೆಂಗಳೂರು

ಮೆಶ್ ತಗೊಳ್ಳಿ, ತಲೆನೋವು ಮುಗಿಯುತ್ತದೆ. ನಾವು ಹಾಕಿಸಿದ ಮೇಲೆ ಬಾಲ್ಕನಿಯಲ್ಲೂ ಫುಲ್ ಸಿಗ್ನಲ್. ಅಲ್ಲಿಯವರೆಗೆ ಲ್ಯಾಪ್‌ಟಾಪನ್ನು 2.4 ಬಿಟ್ಟು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ ನೋಡಿ. ವೈಫೈ ಹೆಚ್ಚಾಗಿ ಓಡುವುದು ಈ ಎರಡು ಫ್ರೀಕ್ವೆನ್ಸಿಗಳಲ್ಲಿ. ಮೈಕ್ರೋವೇವ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, 5ರ ಹತ್ತಿರ ಬರುವುದಿಲ್ಲ.

ಫೋನಿನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡು ಅಕ್ಕಪಕ್ಕದ ಮನೆಯವರು ಯಾವ ಚಾನೆಲ್‌ನಲ್ಲಿದ್ದಾರೆ (ಆ ಫ್ರೀಕ್ವೆನ್ಸಿಯೊಳಗಿನ ಯಾವ ಪಾಲಿನಲ್ಲಿ) ನೋಡಿ. ನಮ್ಮ ಬ್ಲಾಕಿನಲ್ಲಂತೂ ಎಲ್ಲರೂ 6ರಲ್ಲೇ ಗುಡ್ಡೆ ಹಾಕಿಕೊಂಡಿದ್ದರು.

ತೋಟದ ಮನೆ, ಕುಂದಾಪುರ

ಅನಲೈಸರ್ ಆ್ಯಪನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಕಾಣುವುದು ಬೇರೆ ವೈಫೈಗಳು ಮಾತ್ರ. ವೈಫೈ ಅಲ್ಲದ ವಸ್ತು ಎಷ್ಟೇ ಗಲಾಟೆ ಮಾಡಿದರೂ ಅದರ ಕಣ್ಣಿಗೆ ಬೀಳುವುದಿಲ್ಲ.

ನಮ್ಮಲ್ಲಿ ಆದದ್ದು ಹೇಳುತ್ತೇನೆ. ಕೊಟ್ಟಿಗೆಗೆ ಒಂದು ಅಗ್ಗದ ವೈರ್‌ಲೆಸ್ ಕ್ಯಾಮೆರಾ ಹಾಕಿಸಿದ್ದೆವು. ಗಬ್ಬದ ದನ ಇತ್ತು, ರಾತ್ರಿ ಎದ್ದು ಹೋಗುವುದು ಬೇಡ ಅಂತ. ಹಳೇ ಕಾಲದ ಅನಲಾಗ್ ಕ್ಯಾಮೆರಾ ಅದು. ಇಂಟರ್‌ನೆಟ್ ಬೇಡ, ಜೊತೆಗೆ ಕೊಟ್ಟ ಸಣ್ಣ ಟಿವಿಗೆ ನೇರ ಚಿತ್ರ ಕಳಿಸುತ್ತದೆ. ಹಾಕಿದ ದಿನದಿಂದ ಚಾವಡಿಯಲ್ಲಿ ವೈಫೈ ಸತ್ತ ಹಾಗೆ. ಆ್ಯಪಿನಲ್ಲಿ ನೋಡಿದರೆ ಸುತ್ತ ನಮ್ಮದು ಬಿಟ್ಟು ಒಂದೂ ವೈಫೈ ಇಲ್ಲ, ಚಾನೆಲ್ ಎಲ್ಲ ಖಾಲಿ ಖಾಲಿ. ಕ್ಯಾಮೆರಾದ ಪ್ಲಗ್ ಕಿತ್ತ ಕೂಡಲೇ ಸರಿ ಹೋಯಿತು. ಆ ಥರದ ಕ್ಯಾಮೆರಾ 2.4 ಗಿಗಾಹರ್ಟ್ಸ್‌ನಲ್ಲಿ ಎಡೆಬಿಡದೆ ಕೂಗುತ್ತಲೇ ಇರುತ್ತದೆ. ವೈಫೈ ಸಭ್ಯ ವಸ್ತು, ಮಾತಾಡುವ ಮೊದಲು ಕಿವಿಗೊಟ್ಟು ಕೇಳುತ್ತದೆ, ಬೇರೆಯವರು ಮುಗಿಸಲಿ ಎಂದು ಕಾಯುತ್ತದೆ. ಆ ಕ್ಯಾಮೆರಾ ಮುಗಿಸುವುದೇ ಇಲ್ಲ.

5 ಗಿಗಾಹರ್ಟ್ಸ್ ಒಳ್ಳೆಯದೇ, ಆದರೆ ಗೋಡೆ ದಾಟುವುದು ಕಷ್ಟ. ನಮ್ಮದು ಕೆಂಪುಕಲ್ಲಿನ ಗೋಡೆ, ಒಂದು ಗೋಡೆ ದಾಟುವಷ್ಟರಲ್ಲಿ ಉಸಿರು ಹೋಗಿರುತ್ತದೆ. ಕೊನೆಗೆ ವೈರು ಎಳೆದು ಆ ಕಡೆಗೆ ಇನ್ನೊಂದು ಬಾಕ್ಸ್ ಇಟ್ಟೆವು.

ಕೇಬಲ್ ಹುಡುಗ, ಶಿರಸಿ

ಮೇಡಂ, 9 ಸಾವಿರ ಈಗಲೇ ಕೊಡಬೇಡಿ. ಮೊದಲು ಅಪರಾಧಿ ಯಾರು ನೋಡೋಣ.

ನಾನು ಶಿರಸಿ ಸುತ್ತಮುತ್ತ ಫೈಬರ್ ಎಳೆಯುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ನೆಟ್ ಕಡಿಯುತ್ತದೆ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: ಕಡಿದಾಗ ಬಾಕ್ಸಿನ ಲೈಟು ಏನು ಮಾಡುತ್ತದೆ? ಹೆಚ್ಚಿನವರು ನೋಡಿರುವುದೇ ಇಲ್ಲ. ಫೋನಿನ ಮೂಲೆಯಲ್ಲಿರುವ ವೈಫೈ ಗುರುತು ನೋಡಿರುತ್ತಾರೆ, ಅಷ್ಟೇ. ಬಾಕ್ಸು ಪಾಪ ಎಲ್ಲ ಹೇಳುತ್ತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ನೀವು ಬರೆದದ್ದು ಓದಿದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಸೇರಿದ ಹಾಗಿದೆ. ದನಿ ರೋಬೋ ಆಗುವುದು ಒಂದು. ಪೂರ್ತಿ ಕಟ್ ಆಗಿ ಎರಡು ಮೂರು ನಿಮಿಷದ ಮೇಲೆ ವಾಪಸ್ ಬರುವುದು ಇನ್ನೊಂದು. ಫೈಬರ್ ಬಾಕ್ಸ್ ಆಫ್ ಆಗಿ ಆನ್ ಆದರೆ ಪೂರ್ತಿ ಎದ್ದು ಕೂರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅದಕ್ಕೇ ನನಗೆ ಮೋಟರ್ ಮೇಲೆ ಅನುಮಾನ.

ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು, ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಬಲ್ಬು ಒಮ್ಮೆ ಮಂಕಾಗುತ್ತದಲ್ಲ, ಅದೇ. ಬೆಳಗಿನ ಹೊತ್ತು ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಮೋಟರ್, ಗೀಸರ್ ಆನ್ ಇರುವುದರಿಂದ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಫ್ರಿಜ್ಜಿಗೆ ಅದು ಗೊತ್ತೂ ಆಗುವುದಿಲ್ಲ. ಬಾಕ್ಸಿನ ಸಣ್ಣ ಅಡಾಪ್ಟರ್ ಸ್ವಲ್ಪ ಹಳೆಯದಾಗಿದ್ದರೆ ಆ ಒಂದು ಕ್ಷಣ ತಡೆಯುವುದಿಲ್ಲ, ಬಾಕ್ಸ್ ರೀಸ್ಟಾರ್ಟ್ ಆಗುತ್ತದೆ. ಇದಕ್ಕೂ ವೈಫೈ ಸಿಗ್ನಲ್‌ಗೂ ಸಂಬಂಧವೇ ಇಲ್ಲ. ಮೂರಲ್ಲ, ಹತ್ತು ಡಬ್ಬಿಯ ಮೆಶ್ ಹಾಕಿದರೂ ಮೋಟರ್ ಹಾಕಿದಾಗ ಹತ್ತೂ ಕಾಯುತ್ತ ಕೂರಬೇಕು.

ನಾಳೆ ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಒಬ್ಬರನ್ನು ಬಾಕ್ಸಿನ ಮುಂದೆ ನಿಲ್ಲಿಸಿ ಮೋಟರ್ ಹಾಕಿಸಿ. ಎಲ್ಲ ಲೈಟೂ ಒಮ್ಮೆ ಆರಿ ಮತ್ತೆ ಒಂದೊಂದಾಗಿ ಹತ್ತಿದರೆ ಅದು ಕರೆಂಟಿನ ತೊಂದರೆ. ಉಳಿದ ಲೈಟು ಹಾಗೇ ಇದ್ದು ‘ಲಾಸ್’ (LOS) ಎಂದು ಬರೆದ ಕಡೆ ಕೆಂಪು ಬಂದರೆ ಫೈಬರಿನಲ್ಲೇ ಬೆಳಕು ಬರುತ್ತಿಲ್ಲ ಅಂತ. ಆಗ ಕಂಪನಿಯವರೊಡನೆ ಜಗಳ ಆಡಬಹುದು. ಯಾವ ಲೈಟೂ ಬದಲಾಗದೆ ಪಾಠ ಮಾತ್ರ ಕಡಿದರೆ ತೊಂದರೆ ಬಾಕ್ಸ್ ಮತ್ತು ಲ್ಯಾಪ್‌ಟಾಪಿನ ನಡುವಿನ ಗಾಳಿಯಲ್ಲಿ.

ಗಾಳಿಯದ್ದನ್ನು ಹಿಡಿಯಲು ಪಿಂಗ್ ಸಾಕು. ಅದು ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ತೋರಿಸುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನ ಸ್ಟಾರ್ಟ್‌ನಲ್ಲಿ ಸಿಎಂಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಒಂದು ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಪಿಂಗ್, ಜಾಗ ಬಿಟ್ಟು ಬಾಕ್ಸಿನ ನಂಬರು, ಮತ್ತೆ ಜಾಗ ಬಿಟ್ಟು ಸಣ್ಣ ಅಡ್ಡಗೆರೆ, ಅಂಟಿಸಿ ಟಿ ಅಕ್ಷರ. ನಂಬರು ಸಾಮಾನ್ಯವಾಗಿ 192.168.1.1, ಬಾಕ್ಸಿನ ತಳದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಇನ್ನೊಂದು ಕಪ್ಪು ಕಿಟಕಿ ತೆರೆದು ಅದರಲ್ಲಿ ಗೂಗಲ್ ಸರ್ವರಿನ ನಂಬರಾದ 8.8.8.8ಕ್ಕೆ ಹಾಗೇ ಮಾಡಿ. ಮೊದಲನೆಯದು ನಿಮ್ಮ ಮನೆಯೊಳಗಿನ ಓಟ, ಎರಡನೆಯದು ಹೊರಗಿನ ಓಟ. ಮೊದಲನೆಯದು ನೆಟ್ಟಗಿದ್ದು ಎರಡನೆಯದು ಮಾತ್ರ ಏರಿಳಿದರೆ ತೊಂದರೆ ಹೊರಗಿನದು. ಮೊದಲನೆಯದೇ ಕುಣಿಯತೊಡಗಿದರೆ ಮನೆಯದು. ಎರಡೂ ಓಡುತ್ತಿರುವಾಗ ಮೈಕ್ರೋವೇವಿನಲ್ಲಿ ಒಂದು ಲೋಟ ನೀರಿಟ್ಟು ಆನ್ ಮಾಡಿ. ಖಾಲಿ ಓಡಿಸಬೇಡಿ. ಅದಾದ ಮೇಲೆ ಮಿಕ್ಸಿ. ಒಂದೊಂದೇ ಹಾಕಿ ನೋಡಿ, ಎರಡನ್ನು ಒಟ್ಟಿಗೆ ಬೇಡ.

ಮೈಕ್ರೋವೇವ್ ಯಾಕೆ ತೊಂದರೆ ಕೊಡುತ್ತದೆ ಎಂದು ಹೇಳುತ್ತೇನೆ, ಆಮೇಲೆ ಯೂಟ್ಯೂಬ್ ಯಾಕೆ ಸಲೀಸಾಗಿ ಓಡುತ್ತದೆ ಎನ್ನುವುದೂ ತಿಳಿಯುತ್ತದೆ. 2.4 ಗಿಗಾಹರ್ಟ್ಸ್ ಅನ್ನುವುದು ಲೈಸೆನ್ಸ್ ಬೇಡದ ಜಾಗ. ಮೈಕ್ರೋವೇವ್ ಒಲೆಯಂಥ ಯಂತ್ರಗಳಿಗೆ ಎಂದು 1947ರಲ್ಲೇ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬಿಟ್ಟುಕೊಟ್ಟದ್ದು. ವೈಫೈ ಅಲ್ಲಿಗೆ ಎಷ್ಟೋ ಕಾಲದ ಮೇಲೆ ಬಂದ ಬಾಡಿಗೆದಾರ. (2.45ರಲ್ಲಿ ಮಾತ್ರ ನೀರು ಬಿಸಿಯಾಗುತ್ತದೆ, ಅದಕ್ಕೇ ಆ ನಂಬರು ಎಂದು ಕೆಲವರು ಹೇಳುತ್ತಾರೆ. ಹಾಗೇನಿಲ್ಲ, ಬೇರೆ ಫ್ರೀಕ್ವೆನ್ಸಿಯಲ್ಲೂ ಬಿಸಿಯಾಗುತ್ತದೆ. ಆ ಜಾಗ ಸಿಕ್ಕಿತು, ಅಷ್ಟೇ.) ನಿಮ್ಮ ಒಲೆಯೊಳಗೆ ಸುಮಾರು 800 ವ್ಯಾಟ್ ತಿರುಗುತ್ತಿರುತ್ತದೆ. ವೈಫೈ ಬಾಕ್ಸ್ ಹೊರಗೆ ಬಿಡುವುದು 0.1 ವ್ಯಾಟ್ ಆಸುಪಾಸು. ಒಲೆಯ ಬಾಗಿಲ ಸಂದಿಯಿಂದ ಹತ್ತು ಸಾವಿರದಲ್ಲಿ ಒಂದು ಪಾಲು ಸೋರಿದರೂ 0.08 ವ್ಯಾಟ್ ಆಯಿತು, ಹೆಚ್ಚುಕಡಿಮೆ ವೈಫೈಯಷ್ಟೇ. ಅಷ್ಟಕ್ಕೇ ಮದುವೆ ಮನೆಯಲ್ಲಿ ವಾಲಗದ ಪಕ್ಕ ಕೂತು ಮಾತಾಡಿದ ಹಾಗಾಗುತ್ತದೆ. ನಿಮ್ಮ ಬಾಕ್ಸ್ ಅದರ ಪಕ್ಕದಲ್ಲೇ ಇದೆ. ಲ್ಯಾಪ್‌ಟಾಪಿನ ಸಣ್ಣ ದನಿ ಗೋಡೆ, ಬೀರು ದಾಟಿ ಬರುವಷ್ಟರಲ್ಲಿ ಬಾಕ್ಸಿಗೆ ಕೇಳಿಸುವುದು ಒಲೆಯ ಸದ್ದು ಮಾತ್ರ.

ಆದರೆ ಸಾಮಾನ್ಯ ಮೈಕ್ರೋವೇವ್ ಒಂದೇ ಸಮನೆ ಕೂಗುವುದಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಒಂದು ಸುತ್ತು 20 ಮಿಲಿಸೆಕೆಂಡು. ಅದರಲ್ಲಿ ಸುಮಾರು ಅರ್ಧ ಹೊತ್ತು ಕೂಗು, ಅರ್ಧ ಹೊತ್ತು ಸುಮ್ಮನೆ. ವೈಫೈ ಆ ಸುಮ್ಮನಿರುವ ಸಂದಿಗಳಲ್ಲಿ ನುಸುಳಿ ಹೋಗುತ್ತದೆ. ಹೋಗದೆ ಉಳಿದದ್ದನ್ನು ಮತ್ತೆ ಮತ್ತೆ ಕಳಿಸುತ್ತದೆ. ಹೀಗಾಗಿ ಸಾಯುವುದಿಲ್ಲ, ಕುಂಟುತ್ತದೆ. ಯೂಟ್ಯೂಬ್ ಮುಂದಿನ ಎಷ್ಟೋ ಸೆಕೆಂಡಿನ ವಿಡಿಯೋ ಮೊದಲೇ ಇಳಿಸಿಟ್ಟುಕೊಂಡಿರುವುದರಿಂದ ಅದಕ್ಕೆ ಈ ಕುಂಟುವಿಕೆ ಗೊತ್ತಾಗುವುದಿಲ್ಲ. ಲೈವ್ ಪಾಠಕ್ಕೆ ಆ ಸೌಲಭ್ಯ ಇಲ್ಲ. ನೀವು ಈಗ ಹಾಡಿದ್ದು ಈಗಲೇ ಹೋಗಬೇಕು. ತಡವಾಗಿ ಬಂದದ್ದನ್ನು ಆ್ಯಪ್ ಎಸೆದುಬಿಡುತ್ತದೆ, ನಡುವಿನ ತೂತಿಗೆ ತೇಪೆ ಹಚ್ಚುತ್ತದೆ. ರೋಬೋ ದನಿ ಅಂದಿರಲ್ಲ, ಅದು ಆ ತೇಪೆ. ಸ್ಪೀಡ್ ಟೆಸ್ಟಿನಲ್ಲಿ ಇದು ಕಾಣದಿರುವುದಕ್ಕೂ ಹೆಚ್ಚುಕಡಿಮೆ ಇದೇ ಕಾರಣ. ನೀವು ಟೆಸ್ಟ್ ಮಾಡುವಾಗ ಒಲೆಯೂ ಆರಿರುತ್ತದೆ ಅನ್ನಿ.

ಮಿಕ್ಸಿಯನ್ನು ಸುಮ್ನೆ ಬೈಯಬೇಡಿ. ಅದರ ಮೋಟರಿನೊಳಗೆ ಬ್ರಷ್ ಕಿಡಿ ಹಾರಿಸುತ್ತದೆ, ಅದು ರೇಡಿಯೋದಲ್ಲಿ ಗರಗರ ಅನ್ನುತ್ತದೆ. 2.4 ಗಿಗಾಹರ್ಟ್ಸ್ ತನಕ ಏರುವಷ್ಟು ಶಕ್ತಿ ಅದಕ್ಕೆ ಅಷ್ಟಾಗಿ ಇರುವುದಿಲ್ಲ. ಟ್ಯೂಬ್‌ಲೈಟಿನ ಚೋಕು, ಫ್ಯಾನ್ ರೆಗ್ಯುಲೇಟರು ಕೂಡ ಹಾಗೇ. ಒಂದು ಮಾತ್ರ ನೋಡಿ, ಮಿಕ್ಸಿ ಮತ್ತು ಬಾಕ್ಸ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದು ಪ್ಲಗ್ ಸಡಿಲವಿದ್ದರೆ ಮಿಕ್ಸಿಯ ಅದುರಿಗೇ ಬಾಕ್ಸಿನ ಕರೆಂಟು ಹೋಗಿಬಿಡುತ್ತದೆ. ಸಿದ್ದಾಪುರದ ಕಡೆ ಒಂದು ಮನೆಯಲ್ಲಿ ಇದೇ ಆಗಿತ್ತು. ಅವರು ಮಿಕ್ಸಿಯನ್ನೇ ಬದಲಾಯಿಸಿ ಕೂತಿದ್ದರು.

ಹಾರ್ಡ್ ಡಿಸ್ಕ್ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ನೀಲಿ ಬಾಯಿಯ ಯುಎಸ್‌ಬಿ 3 ಡಿಸ್ಕು ಕೆಲಸ ಮಾಡುವಾಗ 2.4ರ ಸುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ಬರೆದಿದೆ. ಡಿಸ್ಕು, ಅದರ ವೈರು ಲ್ಯಾಪ್‌ಟಾಪಿಗೆ ಅಂಟಿಕೊಂಡಿದ್ದರೆ ಲ್ಯಾಪ್‌ಟಾಪಿನ ವೈಫೈಗೆ ಕಿವಿ ಮಂದ. ವೈರ್‌ಲೆಸ್ ಮೌಸ್ ತಡವರಿಸುವುದೂ ಎಷ್ಟೋ ಸಲ ಇದರಿಂದಲೇ. ಡಿಸ್ಕ್ ಕಿತ್ತು ಒಂದು ಪಾಠ ಮಾಡಿ ನೋಡಿ. ವ್ಯತ್ಯಾಸ ಕಂಡರೆ ರೆಕಾರ್ಡಿಂಗನ್ನು ಮೊದಲು ಲ್ಯಾಪ್‌ಟಾಪಿಗೇ ಇಳಿಸಿ ಆಮೇಲೆ ನಕಲು ಮಾಡಿಕೊಳ್ಳಿ.

ಬ್ಲೂಟೂತ್ ಕೂಡ 2.4ರಲ್ಲೇ ಇದೆ. ಆದರೆ ಅದು ಜಾಗ ಬದಲಾಯಿಸುತ್ತ ಓಡಾಡುತ್ತದೆ, ವೈಫೈ ಕೂತ ಜಾಗ ಬಿಟ್ಟು ಹಾರುವುದನ್ನೂ ಕಲಿತಿದೆ. ನಿಮ್ಮ ತಂಬೂರಿ ಹೋಗುವುದು ಫೋನಿನಿಂದ ಸ್ಪೀಕರಿಗೆ, ಹಾಗಾಗಿ ದೊಡ್ಡ ಚಿಂತೆ ಇಲ್ಲ. ಲ್ಯಾಪ್‌ಟಾಪಿಗೇ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ಬೇರೆ ಮಾತು. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ವೈಫೈಗೂ ಬ್ಲೂಟೂತ್‌ಗೂ ಒಂದೇ ಚಿಪ್ಪು, ಸರದಿಯ ಮೇಲೆ ಕೆಲಸ.

ಮಕ್ಕಳಿಗೆ ತಂಬೂರಿ ಕೇಳಿಸದಿರುವುದು ವೈಫೈ ತಪ್ಪೇ ಅಲ್ಲ. ಮೀಟಿಂಗ್ ಆ್ಯಪು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದು ಎಂದುಕೊಂಡು ಅಳಿಸಿಹಾಕುತ್ತದೆ. ಆಡಿಯೋ ಸೆಟ್ಟಿಂಗಿನಲ್ಲಿ ‘ಒರಿಜಿನಲ್ ಸೌಂಡ್’ ಅಥವಾ ನಾಯ್ಸ್ ಸಪ್ರೆಷನ್ ಎಂಬುದು ಇರುತ್ತದೆ. ಮೊದಲನೆಯದನ್ನು ಆನ್ ಮಾಡಿ, ಎರಡನೆಯದನ್ನು ಆಫ್ ಮಾಡಿ.

ಲೈಟು ಮತ್ತು ಪಿಂಗ್ ನೋಡಿ ಇಲ್ಲಿ ಬರೆಯಿರಿ. ಪರಿಹಾರ ಆಮೇಲೆ.

ಹಾಡಿನ ಟೀಚರ್, ಹಾಸನ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಭಾನುವಾರ ಎಲ್ಲರನ್ನೂ ಕೂಡಿಸಿಕೊಂಡು ಪರೀಕ್ಷೆ ಮಾಡಿದೆವು. ಮಗಳು ಪಿಂಗ್ ಮುಂದೆ, ನಮ್ಮವರು ಮೋಟರ್ ಸ್ವಿಚ್ ಹತ್ತಿರ, ನಾನು ಬಾಕ್ಸ್ ಮುಂದೆ.

ಮೋಟರ್ ಹಾಕಿದ ಕೂಡಲೇ ಎಲ್ಲ ಲೈಟೂ ಆರಿದವು. ಮತ್ತೆ ಹತ್ತುವಾಗ ಮೊದಲು ಪವರ್, ಆಮೇಲೆ ಒಂದು ಹಸಿರು ಮಿನುಗುತ್ತಾ ಮಿನುಗುತ್ತಾ ನಿಂತಿತು, ಕೊನೆಗೆ ವೈಫೈ. ಎರಡನೇ ಸಲ ಹಾಕಿದಾಗ ಆರಲಿಲ್ಲ. ಮಧ್ಯಾಹ್ನ ಹಾಕಿದಾಗಲೂ ಆರಲಿಲ್ಲ. ಬೆಳಿಗ್ಗೆ ಮಾತ್ರ ಜಾಸ್ತಿ ಅಂತ ಕಾಣುತ್ತದೆ.

ಮೈಕ್ರೋವೇವಿನದು ಇನ್ನೂ ಸ್ಪಷ್ಟ. ಬಾಕ್ಸಿನ ನಂಬರಿಗೆ ಪಿಂಗ್ 3, 4, 3 ಎಂದು ಬರುತ್ತಿದ್ದದ್ದು, ಒಲೆ ಶುರುವಾದ ಕೂಡಲೇ 200, 700, ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಟಿಂಗ್ ಎಂದು ಒಲೆ ನಿಂತರೆ ಮತ್ತೆ 3, 4. ಮಗಳಿಗಂತೂ ಆಟವಾಯಿತು. ಮಿಕ್ಸಿಗೆ ಏನೂ ಆಗಲಿಲ್ಲ. ಹಾರ್ಡ್ ಡಿಸ್ಕ್ ಕಿತ್ತರೂ ಇಟ್ಟರೂ ವ್ಯತ್ಯಾಸ ಕಾಣಲಿಲ್ಲ. ತಂಬೂರಿ ಈಗ ಮಕ್ಕಳಿಗೆ ಕೇಳಿಸುತ್ತಿದೆ! ಒಬ್ಬ ಹುಡುಗನ ತಾಯಿ, ಶ್ರುತಿ ಈಗ ಸಿಕ್ಕಿತು ಎಂದು ಮೆಸೇಜ್ ಹಾಕಿದರು.

ಆದರೆ ಈಗ ಹೊಸ ಸಮಸ್ಯೆ. ಒಲೆಯಿಂದ ಸೋರುತ್ತದೆ ಎಂದು ನೀವು ಬರೆದದ್ದನ್ನು ಮಗಳು ಅತ್ತೆಗೆ ಓದಿ ಹೇಳಿದಳು. ಅಂದಿನಿಂದ ಅತ್ತೆ ಅದರ ಹತ್ತಿರ ಹೋಗುತ್ತಿಲ್ಲ, ಮಾರಿಬಿಡಿ ಎನ್ನುತ್ತಿದ್ದಾರೆ. ನಿಜಕ್ಕೂ ಅಪಾಯವೇ? ಫೋನನ್ನು ಒಳಗಿಟ್ಟು ಇನ್ನೊಂದು ಫೋನಿನಿಂದ ರಿಂಗ್ ಮಾಡಿ, ರಿಂಗ್ ಆದರೆ ಒಲೆ ಕೆಟ್ಟಿದೆ ಎಂದು ಯಾರೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದಾರೆ. ನಮ್ಮದು ರಿಂಗ್ ಆಯಿತು.

ಕೇಬಲ್ ಹುಡುಗ, ಶಿರಸಿ

ಅಮ್ಮನಿಗೆ ಧೈರ್ಯ ಹೇಳಿ. ಆ ಫೋನ್ ಪರೀಕ್ಷೆಗೆ ಅರ್ಥವಿಲ್ಲ. ಟವರಿನ ಸಿಗ್ನಲ್ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿರುತ್ತದೆ. ತೀರಾ ಸಣ್ಣ ಸಿಗ್ನಲ್ ಸಿಕ್ಕರೂ ಫೋನು ರಿಂಗ್ ಆಗುತ್ತದೆ. ಸರಿ ಇರುವ ಒಲೆಯೊಳಗೂ ಆಗುತ್ತದೆ. ಫೋನ್ ಒಳಗಿರುವಾಗ ಯಾರಾದರೂ ಸ್ಟಾರ್ಟ್ ಒತ್ತಿದರೆ ಮಾತ್ರ ನಿಜವಾದ ಅಪಾಯ, ಆ ಆಟ ಬೇಡ.

ಸೋರಿಕೆಗೆ ಮಿತಿ ಇದೆ. ಅಮೆರಿಕದ ನಿಯಮದ ಪ್ರಕಾರ ಒಲೆ ಎಷ್ಟೇ ಹಳೆಯದಾದರೂ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ದಾಟಬಾರದು. ದೂರ ಹೋದಂತೆ ಅದು ಬೇಗ ಇಳಿಯುತ್ತದೆ. ವೈಫೈಯ ಕಿವಿ ಬಹಳ ಸೂಕ್ಷ್ಮ, ಮೈಗೆ ಏನೂ ಅಲ್ಲದ ಸೋರಿಕೆಯೂ ಅದಕ್ಕೆ ಗದ್ದಲವೇ. ನೀವು ನೋಡಬೇಕಾದದ್ದು ಬಾಗಿಲನ್ನು. ಹಿಂಜು ಸಡಿಲವಾಗಿದೆಯೇ, ಬಾಗಿಲು ಸೊಟ್ಟಗಿದೆಯೇ, ಸುತ್ತಿನ ಅಂಚಿನಲ್ಲಿ ಜಿಡ್ಡು ಕಟ್ಟಿದೆಯೇ, ಜಾಲರಿ ಹಾಳಾಗಿದೆಯೇ. ಜಿಡ್ಡಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಳಸುವುದು ನಿಲ್ಲಿಸಿ, ಸರ್ವಿಸಿನವರನ್ನು ಕರೆಸಿ. ಇಲ್ಲವಾದರೆ ಅಮ್ಮ ಆರಾಮಾಗಿ ಹಾಲು ಬಿಸಿ ಮಾಡಿಕೊಳ್ಳಲಿ.

ಈಗ ಪರಿಹಾರ. ಮೊದಲು ಮೋಟರಿನದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಬಾಕ್ಸನ್ನು ಆ ಲೈನಿಗೆ ಹಾಕಿ. ಬಹಳಷ್ಟು ಇನ್ವರ್ಟರಿಗೆ ಯುಪಿಎಸ್, ನಾರ್ಮಲ್ ಎಂದು ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಇದ್ದರೆ ವೋಲ್ಟೇಜ್ ಬಿದ್ದಾಗ ಬೇಗ ಬ್ಯಾಟರಿಗೆ ಹಾರುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ತಗೊಳ್ಳಿ. ಒಂದೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ತಗೊಳ್ಳುವ ಮೊದಲು ಬಾಕ್ಸಿನ ಅಡಾಪ್ಟರ್ ಮೇಲೆ ಬರೆದದ್ದನ್ನು ನೋಡಿಕೊಳ್ಳಿ. 12 ವೋಲ್ಟ್ ಎಂದಿದ್ದರೆ 12ರದ್ದೇ ಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಪಾಠ ನಡೆಯುತ್ತದೆ.

ಒಲೆಯದಕ್ಕೆ ಅರ್ಧ ಔಷಧಿ ಬಾಕ್ಸಿನ ಜಾಗ ಬದಲಾಯಿಸುವುದು. ಫ್ರಿಜ್ಜಿನ ಮೇಲಿಂದ ಎತ್ತಿ. ಫ್ರಿಜ್ಜೂ ದೊಡ್ಡ ತಗಡು, ಬೀರೂ ತಗಡು, ತಗಡು ದಾಟಿ ಸಿಗ್ನಲ್ ಹೋಗುವುದಿಲ್ಲ, ಸುತ್ತಿ ಬಳಸಿ ಹೋಗಬೇಕು. ಆದರೆ ಫೈಬರ್ ವೈರನ್ನು ನೀವೇ ಎಳೆಯಬೇಡಿ. ಒಳಗಿರುವುದು ಗಾಜಿನ ಎಳೆ, ಜೋರಾಗಿ ಮಡಿಸಿದರೆ ಹೋಯಿತು. ನಿಮ್ಮ ಕಂಪನಿಯ ಹುಡುಗನನ್ನೇ ಕರೆಸಿ ನಡುಮನೆಗೆ ತರಲು ಹೇಳಿ.

ಅದು ಆಗುವ ತನಕ ಬಾಕ್ಸಿನ ಸೆಟ್ಟಿಂಗಿನಲ್ಲಿ 2.4ನ್ನು ಚಾನೆಲ್ 1ಕ್ಕೆ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಮನೆಯ ಒಲೆಗಳ ಗದ್ದಲ ಹೆಚ್ಚಾಗಿ 2450 ಮೆಗಾಹರ್ಟ್ಸ್ ಮತ್ತು ಅದರ ಮೇಲೆ. ಚಾನೆಲ್ 1ರ ನಡುಮಧ್ಯ 2412, 6ರದ್ದು 2437, 11ರದ್ದು 2462. ಅಂದರೆ 11 ಬೆಂಕಿಯೊಳಗೇ ಕೂತಿದೆ. 1 ಸ್ವಲ್ಪ ದೂರ. ಬಾಕ್ಸಿನ ಆಟೋ ಚಾನೆಲ್ ನಂಬಬೇಡಿ. ಎಷ್ಟೋ ಬಾಕ್ಸುಗಳು ಆನ್ ಆದಾಗ ಒಮ್ಮೆ ನೋಡಿ ಆರಿಸುತ್ತವೆ, ಆಗ ಒಲೆ ಆಫ್ ಇರುತ್ತದೆ.

ಬೆಂಗಳೂರಿನವರು ಹೇಳಿದ 5 ಗಿಗಾಹರ್ಟ್ಸ್ ಸರಿಯಾದ ಮಾತು. ನಿಮ್ಮ ಬಾಕ್ಸಿನಲ್ಲಿದ್ದರೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಲ್ಯಾಪ್‌ಟಾಪನ್ನು 5ಕ್ಕೆ ಮಾತ್ರ ಸೇರಿಸಿ. ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ತನಗೆ ಬೇಕಾದಾಗ 2.4ಕ್ಕೆ ಜಾರಿಬಿಡುತ್ತದೆ. ಚಾನೆಲ್ 36ರಿಂದ 48ರೊಳಗೆ ಇರಲಿ. ನಡುವಿನ ಕೆಲವು ಚಾನೆಲ್‌ಗಳಲ್ಲಿ ರಾಡಾರಿಗೆ ಮೊದಲ ಹಕ್ಕು, ರಾಡಾರ್ ಇದೆ ಎಂಬ ಅನುಮಾನ ಬಂದರೂ ಬಾಕ್ಸ್ ಜಾಗ ಬಿಟ್ಟು ಓಡಬೇಕು, ಪಾಠ ನಡುವೆ ನಿಲ್ಲುತ್ತದೆ.

ನನ್ನ ಮಾತು ಕೇಳುವುದಾದರೆ ಇದೆಲ್ಲ ಮನೆಯವರ ಫೋನುಗಳಿಗೆ ಇರಲಿ. ಪಾಠದ ಲ್ಯಾಪ್‌ಟಾಪಿಗೆ ಬಾಕ್ಸಿನಿಂದ ಒಂದು ಲ್ಯಾನ್ ವೈರು (ವೈಫೈ ಬದಲು ನೆಟ್ ತರುವ ವೈರು) ಎಳೆಸಿ. ವೈರಿಗೆ ಒಲೆ, ಬೀರು, ಪಕ್ಕದ ಮನೆ ಯಾವುದೂ ತಾಗುವುದಿಲ್ಲ. 100 ಮೀಟರ್ ತನಕ ಓಡುತ್ತದೆ, ನಿಮ್ಮ ಮನೆಗೆ 15 ಮೀಟರ್ ಸಾಕಾದೀತು. ಅಂಗಡಿಯವರಿಗೆ ಇದರಲ್ಲಿ ಲಾಭ ಕಡಿಮೆ, ಅದಕ್ಕೇ ಯಾರೂ ಹೇಳುವುದಿಲ್ಲ.

ತೋಟದ ಮನೆ, ಕುಂದಾಪುರ

ಎರಡು ಹೆಸರು ಮಾಡಿದ ಮೇಲೆ 2.4ನ್ನು ಪೂರ್ತಿ ಬಂದ್ ಮಾಡಬಹುದಾ? ನಮ್ಮಲ್ಲಿ ಹಾಗೆ ಮಾಡಿದಾಗ ಪಂಪಿನ ಸ್ಮಾರ್ಟ್ ಪ್ಲಗ್ ಸತ್ತುಹೋಯಿತು.

ಕೇಬಲ್ ಹುಡುಗ, ಶಿರಸಿ

ಬೇಡ ಮಾರಾಯ್ರೆ. ಸ್ಮಾರ್ಟ್ ಪ್ಲಗ್, ಬಲ್ಬು, ಕಡಿಮೆ ಬೆಲೆಯ ಕ್ಯಾಮೆರಾ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಅದು ಇರಲಿ. ಅವಕ್ಕೆ ಒಂದೆರಡು ಸೆಕೆಂಡು ತಡವಾದರೆ ಏನೂ ಆಗುವುದಿಲ್ಲ.

ಹಾಡಿನ ಟೀಚರ್, ಹಾಸನ

ಮಿನಿ ಯುಪಿಎಸ್ ಬಂತು, ಮೋಟರ್ ಹಾಕಿದರೂ ಲೈಟು ಆರುತ್ತಿಲ್ಲ. ಚಾನೆಲ್ 1ಕ್ಕೆ ಹಾಕಿದ ಮೇಲೆ ಒಲೆಯ ಕಾಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ವೈರು ಎಳೆಸುವುದೇ ಎಂದು ತೀರ್ಮಾನ ಮಾಡಿದೆವು. ಎರಡು ಅನುಮಾನ. ನನ್ನ ಲ್ಯಾಪ್‌ಟಾಪ್ ತೆಳ್ಳಗಿನದು, ಲ್ಯಾನ್ ವೈರಿನ ಬಾಯಿಯೇ ಇಲ್ಲ. ಎಲೆಕ್ಟ್ರಿಷಿಯನ್ ಬಂದು, ಕರೆಂಟಿನ ಪೈಪಿನೊಳಗೇ ತೂರಿಸಿಬಿಡುತ್ತೇನೆ, ಗೋಡೆ ಮೇಲೆ ಅಸಹ್ಯವಾಗಿ ಕಾಣುವುದಿಲ್ಲ ಎನ್ನುತ್ತಿದ್ದಾರೆ. ಒಪ್ಪಲೇ?

ಕೇಬಲ್ ಹುಡುಗ, ಶಿರಸಿ

ಒಪ್ಪಬೇಡಿ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಲ್ಯಾನ್ ವೈರು ಹಾಕಬಾರದು. ಒಳಗೆ ಎಲ್ಲಾದರೂ ಕರೆಂಟಿನ ವೈರಿನ ಸಿಪ್ಪೆ ಹೋಗಿ ತಾಗಿದರೆ 230 ವೋಲ್ಟ್ ನೇರ ಲ್ಯಾಪ್‌ಟಾಪಿಗೆ, ನಿಮ್ಮ ಕೈಗೆ. ಬೇರೆ ಬಿಳಿ ಕೇಸಿಂಗ್ ಪಟ್ಟಿಯಲ್ಲಿ ಬಾಗಿಲ ಚೌಕಟ್ಟಿನ ಮೇಲಿಂದ ತರಲು ಹೇಳಿ. ಕರೆಂಟಿನ ಪಟ್ಟಿಯಿಂದ ಒಂದು ಗೇಣು ದೂರ ಇರಲಿ, ದಾಟಬೇಕಾದಲ್ಲಿ ಅಡ್ಡಕ್ಕೆ ದಾಟಲಿ. ಪೂರ್ತಿ ತಾಮ್ರದ ಕ್ಯಾಟ್ 6 ಲ್ಯಾನ್ ವೈರು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದನ್ನು ಸಿಸಿಎ ಎಂದು ಅಗ್ಗಕ್ಕೆ ಕೊಡುತ್ತಾರೆ, ಅದು ಬೇಡ.

ಬಾಯಿ ಇಲ್ಲದಿದ್ದರೆ ಯುಎಸ್‌ಬಿಯಿಂದ ಲ್ಯಾನ್ ಮಾಡುವ ಅಡಾಪ್ಟರ್ ಸಿಗುತ್ತದೆ, ಗಿಗಾಬಿಟ್ ಎಂದು ಬರೆದದ್ದು ತಗೊಳ್ಳಿ. ವೈರು ಚುಚ್ಚಿದ ಮೇಲೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಮತ್ತೆ ಆ ಎರಡು ಪಿಂಗ್ ಓಡಿಸಿ, ಒಲೆ ಹಚ್ಚಿ ನೋಡಿ. ಬಾಕ್ಸಿನ ಪಿಂಗ್ 1ರ ಹತ್ತಿರ ನಿಂತು ಅಲ್ಲಾಡದಿದ್ದರೆ ಕೆಲಸ ಆಯಿತು. ಆಗಲೂ 8.8.8.8 ಮಾತ್ರ ಕುಣಿದರೆ ಆ ಕಿಟಕಿಯ ಫೋಟೋ ತೆಗೆದು ಟೈಮ್ ಸಮೇತ ಕಂಪನಿಗೆ ಕಳಿಸಿ. ‘ನಮ್ಮ ಕಡೆ ಸರಿ ಇದೆ ಮೇಡಂ’ ಎಂದು ಫೋನ್ ಇಡುವುದು ಅವರಿಗೆ ಅಷ್ಟು ಸುಲಭ ಆಗುವುದಿಲ್ಲ.